ಇಂದಿನ ಧಮ್ಮಚಿಂತನೆ: ‘ಯಾರು’ ಅಲ್ಲ, ‘ಯಾಕೆ’



ಸಿಂದಗಿಯ ನಮ್ಮ ಮನೆಯಲ್ಲಿ ವಾಷಿಂಗ್ ಮಷಿನ್ ಶುರುವಾದ ಸ್ವಲ್ಪ ಹೊತ್ತಿಗೇ ನಿಲ್ಲುತ್ತಿತ್ತು. ‘ಬಟ್ಟೆ ಹೆಚ್ಚು ತುಂಬಿದ್ದೀಯ’ ಎಂದು ಮಡದಿಯ ಮೇಲೆ ರೇಗಿದೆ. ಆಕೆ ಮರುಮಾತಾಡದೆ, ಹಾಸಿಗೆ ಹಿಡಿದ ನನ್ನ ತಾಯಿಯ ಬಟ್ಟೆಗಳನ್ನು ಮೂರು ದಿನ ಕೈಯಲ್ಲೇ ಒಗೆದಳು.

ನಾಲ್ಕನೆಯ ದಿನ ಪ್ಲಗ್ ತೆಗೆದು, ನಲ್ಲಿ ಮುಚ್ಚಿ, ಮಷಿನ್‌ಗೆ ನೀರು ಬರುವ ಪೈಪ್ ಬಿಚ್ಚಿದೆ. ಅದರ ಬಾಯಲ್ಲಿನ ಪುಟ್ಟ ಜಾಲರಿ ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣದಿಂದ ಕಟ್ಟಿಕೊಂಡಿತ್ತು. ಬೇಕಾದಷ್ಟು ನೀರು ಹೊತ್ತಿಗೆ ತುಂಬದಿದ್ದರೆ ಮಷಿನ್ ತಾನೇ ನಿಲ್ಲುತ್ತದೆ. ಜಾಲರಿಯನ್ನು ನಿಂಬೆರಸದಲ್ಲಿ ನೆನೆಸಿ, ಹಳೆಯ ಬ್ರಷ್‌ನಿಂದ ಉಜ್ಜಿದೆ. ಮಷಿನ್ ಓಡಿತು.

ಸಾರನಾಥದ ಮೊದಲ ಉಪದೇಶದಲ್ಲಿ ಭಗವಾನ್ ಬುದ್ಧರು ತೋರಿದ ಕ್ರಮವೂ ಇದೇ: ದುಃಖವಿದೆ, ಅದಕ್ಕೆ ಕಾರಣವಿದೆ, ಅದರ ಕೊನೆಯೂ ಇದೆ, ಆ ಕೊನೆಗೆ ಮಾರ್ಗವಿದೆ. ನಾನು ಕಾರಣವನ್ನು ಹುಡುಕದೆ ತಪ್ಪಿತಸ್ಥರನ್ನು ಹುಡುಕಿದ್ದೆ. ಜಾಲರಿ ತೊಳೆಯಲು ಅರ್ಧ ಗಂಟೆ ಸಾಕಾಯಿತು. ಮಡದಿಯ ಕ್ಷಮೆ ಕೇಳಲು ರಾತ್ರಿಯಾಯಿತು. ಕಟ್ಟಿಕೊಂಡಿದ್ದು ಎರಡು ಕಡೆ.

ಇಂದಿನ ಅಭ್ಯಾಸ: ಮನೆಯಲ್ಲಿ ಏನಾದರೂ ನಿಂತಾಗ ‘ಯಾರು ಮಾಡಿದ್ದು?’ ಎನ್ನುವ ಮುನ್ನ ‘ಯಾಕೆ ಆಯಿತು?’ ಎಂದು ಕೇಳೋಣ.

ಎಲ್ಲರಿಗೂ ಮಂಗಳವಾಗಲಿ. 🙏