ಓಡುವ ಚಿತ್ರತುರಗ

ಅನಿಮೇಷನ್ ಕಲಿಯುವ ಹುಡುಗನನ್ನು ಸಿನಿಮಾ ಹೇಗಿತ್ತು ಎಂದು ಕೇಳಿದರೆ ಕಥೆ ಬಿಟ್ಟು ಬಣ್ಣ, ಚಲನೆಗಳ ಮಾತೆತ್ತುತ್ತಾನೆ. ಹೈದರಾಬಾದಿನ ಮಾದಾಪುರದಲ್ಲಿ ಇಂಥವರಿಗೆ ಕೊರತೆಯಿಲ್ಲ. 2008ರಲ್ಲಿ ಟೀವಿಗೆ ಬಂದ ಅನಿಮೇಷನ್ ಸರಣಿ ‘ಛೋಟಾ ಭೀಮ್’ ಈ ಊರಿನದೇ ಸರಕು. ಹಿರಿಯರಿಗೆ ಮಾತ್ರ ಬಣ್ಣ, ಚಲನೆಗಳ ಈ ಮೆಚ್ಚುಗೆ ರುಚಿಸದು. ಬಣ್ಣ ಬರೀ ಥಳಕು, ಚಲನೆ ಕಣ್ಕಟ್ಟು, ತಿರುಳು ಏನು ಹೇಳು ಎನ್ನುತ್ತಾರೆ. ಇದರ ಹಿಂದೆ ಒಂದು ತತ್ತ್ವವೇ ಇದೆ: ಇಲ್ಲದ್ದನ್ನು ಕಾಣುವುದು ಅವಿದ್ಯೆ, ಅದರಲ್ಲಿ ಸುಖಿಸುವುದು ಇನ್ನೂ ದೊಡ್ಡ ಅವಿದ್ಯೆ. ಕಾಣುವುದು ಅಲ್ಲಿ ಇಲ್ಲವೆಂದು ಒಪ್ಪಿಯೂ ಈ ತೀರ್ಮಾನವನ್ನು ತಳ್ಳಿಹಾಕಬಹುದು.

ಇಲ್ಲದಿರುವುದಂತೂ ನಿಜ. ಭೀಮನ ಲಡ್ಡುವಿನ ಹಳದಿ ಪರದೆಯಲ್ಲಿಲ್ಲ. ಇರುವುದು ಕೆಂಪು, ಹಸಿರು ಬೆಳಕಿನ ಚುಕ್ಕಿಗಳು, ಅವು ಹಳದಿಯಾಗುವುದು ನೋಡುವವನಲ್ಲಿ. ಚಲನೆಯೂ ಅಷ್ಟೇ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು, ಒಂದೊಂದೂ ನಿಶ್ಚಲ. ಅನಿಮೇಷನ್ನಿನಲ್ಲಿ ಎಷ್ಟೋ ಸಲ 12 ಚಿತ್ರಗಳಲ್ಲೇ ಕೆಲಸ ಮುಗಿಸುತ್ತಾರೆ. ಬಿಂಬ ಕಣ್ಣಲ್ಲಿ ಕ್ಷಣಕಾಲ ಉಳಿಯುವುದೇ ಕಾರಣ ಎಂಬ ಶಾಲಾಪಾಠದ ವಿವರಣೆ ಸಾಲದು. ಬರೀ ಉಳಿದಿದ್ದರೆ ಒಂದರ ಮೇಲೊಂದು ಬಿದ್ದು ಕಲಸಿಹೋಗಬೇಕಿತ್ತು. ಒಂದಾದ ಮೇಲೊಂದು ತೋರಿಸಿದ ಎರಡು ನಿಂತ ಗೆರೆಗಳ ನಡುವೆ ನಾವು ಚಲನೆಯನ್ನೇ ಕಾಣುತ್ತೇವೆ ಎಂದು ಮನೋವಿಜ್ಞಾನಿ ಮ್ಯಾಕ್ಸ್ ವರ್ಟ್‌ಹೈಮರ್ 1912ರಲ್ಲಿ ತೋರಿಸಿಕೊಟ್ಟ. ಪುಟಿಯುವ ಚೆಂಡು ಅನಿಮೇಷನ್ ವಿದ್ಯೆಯ ಮೊದಮೊದಲ ಪಾಠ. ಚೆಂಡು ಮೇಲಿನ ತುದಿಯಲ್ಲಿದ್ದಾಗ ಚಿತ್ರಗಳು ಒತ್ತೊತ್ತಾಗಿ, ಕೆಳಗಿಳಿದಂತೆ ದೂರದೂರ, ನೆಲ ಮುಟ್ಟಿದಾಗ ಚಪ್ಪಟೆ. ಆ ಅಂತರ ಹದತಪ್ಪಿದರೆ ಚೆಂಡಿಗೆ ತೂಕವಿರದು. ತೂಕ ಯಾವ ಹಾಳೆಯಲ್ಲೂ ಇಲ್ಲ, ಹಾಳೆ ಹಾಳೆಗಳ ನಡುವೆ ಹುಟ್ಟುತ್ತದೆ. ಗುಣವೂ ಕರ್ಮವೂ ದ್ರವ್ಯವನ್ನು ಆಶ್ರಯಿಸಿರಬೇಕು ಎಂದರು ವೈಶೇಷಿಕರು. ಇಲ್ಲಿ ಬಣ್ಣ ಕಾಣುತ್ತದೆ, ಓಟ ಕಾಣುತ್ತದೆ, ಓಡುವ ದ್ರವ್ಯವೇ ಇಲ್ಲ. ಆ ದರ್ಶನದ ಕರ್ತೃ ಕಣಾದ ಏನನ್ನುತ್ತಿದ್ದನೋ!

ಹಾಗಾದರೆ ಇದು ಅದ್ವೈತಿಗಳು ಹೇಳುವ, ಹಗ್ಗದಲ್ಲಿ ಕಂಡ ಹಾವೇ? ದೀಪ ತಂದರೆ ಆ ಹಾವು ಹೋಗುತ್ತದೆ. ಚೆಂಡಿನ ಒಂದೊಂದು ಚಿತ್ರವನ್ನೂ ತಾನೇ ಬರೆದವನಿಗೂ ಚೆಂಡು ಪುಟಿದೇ ಪುಟಿಯುತ್ತದೆ. ಅದ್ವೈತಿಗಳದೇ ಇನ್ನೊಂದು ದೃಷ್ಟಾಂತ ಇಲ್ಲಿಗೆ ಒಪ್ಪುತ್ತದೆ: ಕೆಂಪು ದಾಸವಾಳದ ಪಕ್ಕದ ಸ್ಫಟಿಕ. ಕೆಂಪು ಹೂವಿನದೆಂದು ತಿಳಿದ ಮೇಲೂ ಸ್ಫಟಿಕ ಕೆಂಪಗೇ ಕಾಣುತ್ತದೆ, ಆದರೆ ತಿಳಿದವನು ಮೋಸಹೋಗಿಲ್ಲ. ತೀ.ನಂ.ಶ್ರೀ.ಯವರ ‘ಭಾರತೀಯ ಕಾವ್ಯಮೀಮಾಂಸೆ’ ಓದಿದವರಿಗೆ ಆಲಂಕಾರಿಕ ಶ್ರೀಶಂಕುಕನ ಚಿತ್ರತುರಗ ನ್ಯಾಯ ಗೊತ್ತಿರುತ್ತದೆ. ಚಿತ್ರದ ಕುದುರೆಯನ್ನು ಕುದುರೆ ಎಂದು ಕಾಣುವ ಅರಿವು ಸತ್ಯವಲ್ಲ, ಮಿಥ್ಯೆಯಲ್ಲ, ಸಂಶಯವಲ್ಲ, ಸಾದೃಶ್ಯವೂ ಅಲ್ಲ. ಅದರ ಜಾತಿಯೇ ಬೇರೆ. ಇನ್ನೊಬ್ಬ ಆಲಂಕಾರಿಕ ಭಟ್ಟತೌತ ಇದನ್ನು ಒಪ್ಪಲಿಲ್ಲ: ಸಿಂಧೂರ ಮುಂತಾದ ಬಣ್ಣಗಳು ಹಸುವಿನ ಅವಯವಗಳಂತೆ ಜೋಡಣೆಗೊಂಡಾಗ ತೋರುವುದು ಹಸುವಿನ ಹೋಲಿಕೆಯಷ್ಟೇ. ಗಟ್ಟಿ ಆಕ್ಷೇಪವೇ. ಆದರೆ ಹೋಲಿಕೆಗೊಂದು ಮೂಲ ಬೇಕಲ್ಲ? ಮಹಾಭಾರತದಿಂದ ಹೆಸರು ಪಡೆದ ಧೋಲಕ್‌ಪುರದ ಹುಡುಗ ಛೋಟಾ ಭೀಮ್ ಯಾರಂತಿದ್ದಾನೆ? ಆ ಚೆಂಡೂ ಅಷ್ಟೆ, ನಿಜವಾದ ಚೆಂಡಿಗಿಂತ ಹೆಚ್ಚು ಚಪ್ಪಟೆಯಾದರೇ ಜೀವಂತವಾಗಿ ಕಾಣುವುದು. ಹೋಲಿಕೆ ಮುರಿದಲ್ಲೇ ಕಲೆ ಶುರುವಾಗುವಾಗ ತೌತನ ಮಾತು ಇಲ್ಲಿ ನಿಲ್ಲದು, ಶಂಕುಕನದು ನಿಲ್ಲುತ್ತದೆ.

ಇಲ್ಲವೆಂದು ಬಲ್ಲವನೇ ಇದ್ದಂತೆ ಕಂಡು ಮೆಚ್ಚಿದರೆ ಅದನ್ನು ಅವಿದ್ಯೆಯ ಲೆಕ್ಕಕ್ಕೆ ಹಾಕಲಾಗದು. ತಿರುಳು ಕೇಳುವ ಹಿರಿಯರು ಆ ಹುಡುಗ ಬರೆದ ಚೆಂಡಿನ ಹಾಳೆಗಳನ್ನು ಒಮ್ಮೆ ಕೈಗೆತ್ತಿಕೊಂಡು, ತಾವೇ ಸರಸರನೆ ತಿರುವಿ ನೋಡಲಿ.