ಧ್ಯಾನ: ಮದ್ದೇ, ಆಯುಧವೇ, ಕನ್ನಡಿಯೇ?



ನೀವು ಶಾಲೆಯ ಮುಖ್ಯೋಪಾಧ್ಯಾಯಿನಿಯೋ, ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟೋ, ಬ್ಯಾಂಕಿನ ಮ್ಯಾನೇಜರೋ ಆಗಿರಬಹುದು. ಅಲ್ಲಿ ನಡೆದುಬಂದಿರುವ ತಪ್ಪು ಪದ್ಧತಿಯೊಂದನ್ನು ಬದಲಿಸಲು ಹೊರಟಿದ್ದೀರಿ. ವಿರೋಧ ಎದುರಾಗಿದೆ. ಆಗ ಹಿರಿಯರೊಬ್ಬರು, "ದಿನಾ ಸ್ವಲ್ಪ ಹೊತ್ತು ಧ್ಯಾನ ಮಾಡಮ್ಮಾ, ಸಹಿಸಿಕೊಳ್ಳುವ ಶಕ್ತಿ ಬರುತ್ತದೆ" ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು, "ಧ್ಯಾನ ಮಾಡಿ ಮೇಡಂ, ಅಂದುಕೊಂಡದ್ದನ್ನು ಸಾಧಿಸಬಹುದು" ಎನ್ನುತ್ತಾರೆ. ಹಾಗಾದರೆ ಧ್ಯಾನವು ಅನ್ಯಾಯವನ್ನು ಸಹಿಸುವ ಮದ್ದೋ, ಎದುರಾಳಿಯನ್ನು ಗೆಲ್ಲುವ ಆಯುಧವೋ?

ಆವಿಲಾದ ಸಂತ ತೆರೇಸಾ ಅವರ ಬದುಕನ್ನು ನೋಡಿ. 1515ರಲ್ಲಿ ಸ್ಪೇನಿನಲ್ಲಿ ಜನಿಸಿದ ಅವರು ಕಾರ್ಮೆಲ್ ಸಭೆಯ ಭಗಿನಿಯಾದರು. ಸಭೆಯ ಮೂಲ ಶಿಸ್ತು ಸಡಿಲಗೊಂಡದ್ದನ್ನು ಕಂಡು, 1562ರಲ್ಲಿ ಬಡತನ ಮತ್ತು ಮೌನವನ್ನು ಪಾಲಿಸುವ ಪುಟ್ಟ ಕನ್ಯಾಮಠವೊಂದನ್ನು ತೆರೆದರು. ಆದಾಯವಿಲ್ಲದ ಮಠ ಊರಿಗೆ ಹೊರೆಯಾಗುತ್ತದೆಂದು ನಗರಸಭೆ ದಾವೆ ಹೂಡಿತು. ಹಳೆಯ ಮಠದ ಭಗಿನಿಯರೂ ಮುನಿದರು. ಆದರೆ ಅವರು ಹಿಂಜರಿಯಲಿಲ್ಲ. 1582ರಲ್ಲಿ ಕಣ್ಮುಚ್ಚುವ ಹೊತ್ತಿಗೆ ಇಂಥ 17 ಮಠಗಳನ್ನು ಸ್ಥಾಪಿಸಿದ್ದರು. 1970ರಲ್ಲಿ ಪೋಪ್ ಆರನೇ ಪೌಲರು ಅವರನ್ನು ಧರ್ಮಸಭೆಯ ಪಂಡಿತೆ ಎಂದು ಘೋಷಿಸಿದರು. ಆ ಗೌರವ ಪಡೆದ ಮೊದಲ ಮಹಿಳೆ ಅವರೇ.

ಈ ದಿಟ್ಟತನದ ಬೇರು ಮೌನ ಪ್ರಾರ್ಥನೆಯಲ್ಲಿತ್ತು. ಅದು ಅವರಿಗೂ ಸುಲಭವಾಗಿರಲಿಲ್ಲ. ತಾನು ಅಯೋಗ್ಯಳೆಂದುಕೊಂಡು ಒಂದು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಬಿಟ್ಟಿದ್ದನ್ನು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ತನ್ನನ್ನು ತಾನು ಅರಿಯದೆ ಪ್ರಾರ್ಥನೆಯಲ್ಲಿ ಮುಂದೆ ಸಾಗಲಾಗದು ಎಂಬುದು ಅವರ ಬೋಧನೆ. ಅಂದರೆ ಧ್ಯಾನ ಮೊದಲು ನಮಗೆ ಹಿಡಿಯುವ ಕನ್ನಡಿ.

ಸಹೋದರಿ, ಬೆಳಿಗ್ಗೆ ಹದಿನೈದು ನಿಮಿಷ ಪ್ರಭುವಿನ ಮುಂದೆ ಸುಮ್ಮನೆ ಕುಳಿತುಕೊಳ್ಳಿ. ಈ ಬದಲಾವಣೆ ನನ್ನ ಕೈಕೆಳಗಿನವರ ಒಳಿತಿಗೋ, ನನ್ನ ಹೆಸರಿಗೋ? ವಿರೋಧಿಸುವವರ ಮಾತಿನಲ್ಲಿ ಸತ್ಯವಿದೆಯೇ? ಹೀಗೆ ಕೇಳಿಕೊಳ್ಳಿ. ತಪ್ಪು ಕಂಡರೆ ತಿದ್ದಿಕೊಳ್ಳಿ. ಆದರೆ ಆ ಬೆಳಕಿನಲ್ಲೂ ನಿಮ್ಮ ಕಾರ್ಯ ನ್ಯಾಯವೆಂದೇ ತೋರಿದರೆ, ಸುಮ್ಮನಿರುವುದು ತಾಳ್ಮೆಯಲ್ಲ, ಭಯ. ಎದ್ದು ಹೋಗಿ, ದ್ವೇಷವಿಲ್ಲದೆ ಮಾತನಾಡಿ. ಧ್ಯಾನದ ಫಲವನ್ನು ಅಳೆಯಬೇಕಾದದ್ದು ಮನಸ್ಸಿಗೆ ಸಿಕ್ಕ ಹಿತದಿಂದಲ್ಲ, ನಂತರ ಕೈ ಮಾಡಿದ ಕೆಲಸದಿಂದ. ಮಾರ್ತಾ ಮತ್ತು ಮರಿಯ ಒಂದೇ ಮನೆಯವರಲ್ಲವೇ?

ಕೊನೆಗೆ ಮನೆಯ ಗಂಡಸರಿಗೊಂದು ಮಾತು. ಆ ಹದಿನೈದು ನಿಮಿಷ ಒಲೆಯ ಮೇಲಿನ ಹಾಲನ್ನು ನೀವು ನೋಡಿಕೊಳ್ಳಿ. ಅದೂ ಪ್ರಾರ್ಥನೆಯೇ.