ದಾರಿ ಬೇಡದ ಗಾಡಿ

ಹೊರನಾಡಿಗೆ ಬಂದು ನೆಲೆಸಿದ ನಮ್ಮವರ ಸಂಸಾರಗಳಲ್ಲಿ ಒಂದು ಕಾಲಕ್ಕೆ ಮತ್ತೆ ಮತ್ತೆ ಚರ್ಚೆಗೆ ಬರುತ್ತಿದ್ದ ವಿಷಯಗಳು ಎರಡು: ಊರಿನ ಮನೆಯನ್ನು ಉಳಿಸಿಕೊಳ್ಳುವುದೋ ಮಾರುವುದೋ ಎಂಬುದೊಂದು, ಮಕ್ಕಳಿಗೆ ಕನ್ನಡ ಕಲಿಸುವುದು ಹೇಗೆಂಬುದು ಇನ್ನೊಂದು. ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ. ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ ನಾಲ್ಕು ಕನ್ನಡ ಮನೆಯವರು ಹಬ್ಬಕ್ಕೆ ಕೂಡಿದರೆ, ಹೋಳಿಗೆ ಬಡಿಸಿ ಮುಗಿಯುವಷ್ಟರಲ್ಲಿ ಮಾತು ಕಾರಿಗೆ ಬಂದು ನಿಲ್ಲುತ್ತದೆ. ಅದೂ ಸಾಮಾನ್ಯ ಕಾರಲ್ಲ. ಗುಡ್ಡ ಹತ್ತುವ, ಹಳ್ಳ ದಾಟುವ, ಮರಳಿನಲ್ಲಿ ಹೂತುಕೊಳ್ಳದ, ಹಾಗಿದ್ದೂ ಒಳಗೆ ಚರ್ಮದ ಆಸನ, ತಂಪು ಹವೆಗಳುಳ್ಳ ಎತ್ತರದ ಗಾಡಿ. ಲ್ಯಾಂಡ್ ರೋವರ್ ಡಿಫೆಂಡರ್ ಮುಂತಾದ ಹೆಸರುಗಳು ನಮ್ಮ ಹುಡುಗರ ಬಾಯಲ್ಲಿ ಸಲೀಸಾಗಿ ಬರುತ್ತವೆ. ಅಂಥದನ್ನು ಹೊಸದಾಗಿ ಕೊಂಡರೆ ರಸ್ತೆಗಿಳಿಸುವ ಹೊತ್ತಿಗೆ ಕೋಟಿ ರೂಪಾಯಿ ದಾಟುತ್ತದೆ. ಆದ್ದರಿಂದ ಹೊಸದೋ, ಯಾರಾದರೂ ಓಡಿಸಿ ಬಿಟ್ಟ ಹಳೆಯದೋ ಎಂಬ ತರ್ಕ.

“ಎಲ್ಲರೂ ಹೊಸದೋ ಹಳೇದೋ ಅಂತ ಕೇಳ್ತಿದ್ದೀರಲ್ಲಪ್ಪ, ಅದರಲ್ಲಿ ಕೂತು ಎಲ್ಲಿಗೆ ಹೋಗ್ತೀರಿ ಅಂತ ಒಬ್ಬರೂ ಹೇಳ್ತಾ ಇಲ್ಲ” ಎಂದರು ನಮ್ಮ ಬಳಗದ ಹಿರಿಯರೊಬ್ಬರು. ಎಲ್ಲರೂ ನಕ್ಕರು; ಮಾತು ಬೇರೆ ಕಡೆ ಹೊರಳಿತು. ಆದರೆ ಪ್ರಶ್ನೆ ನಗೆಯಲ್ಲಿ ಮುಗಿಯುವಂಥದಲ್ಲವೆಂದು ನಮಗೆ ಅನ್ನಿಸಿದ್ದರಿಂದ ಇಲ್ಲಿ ಕೊಂಚ ವಿಚಾರ ಮಾಡಬಯಸುತ್ತೇವೆ.

ಸುಖದ ವಸ್ತುವನ್ನು ಕೊಳ್ಳುವುದೇ ತಪ್ಪೆಂದು ಸಾಧಿಸಲು ನಾವು ಹೊರಟಿಲ್ಲ. ದುಡಿದ ಹಣ, ತೆರಿಗೆ ಕಟ್ಟಿದ ಹಣ. ಧರ್ಮಾವರದ ರೇಷ್ಮೆ ಸೀರೆ ಕೊಂಡವರನ್ನು ನಾವು ಕಾರಣ ಕೇಳುವುದಿಲ್ಲ. ಆದರೆ ಸೀರೆ ಪೆಟ್ಟಿಗೆಯಲ್ಲಿರುತ್ತದೆ, ಹಬ್ಬಕ್ಕೊಮ್ಮೆ ಹೊರಬರುತ್ತದೆ, ಯಾರ ಕಾಲನ್ನೂ ತುಳಿಯುವುದಿಲ್ಲ. ಈ ಗಾಡಿಯ ಸಂಗತಿ ಬೇರೆ. ಇಲ್ಲಿ ನಾವು ಕೊಳ್ಳುತ್ತಿರುವುದು ಒಂದು ಶಕ್ತಿಯನ್ನು; ದಾರಿಯಿಲ್ಲದಲ್ಲೂ ಹೋಗಬಲ್ಲ, ಎರಡು ಟನ್ನಿಗೂ ಮೀರಿ ತೂಗುವ ಶಕ್ತಿಯನ್ನು. ಅದನ್ನು ಎಲ್ಲರಿಗೂ ಸೇರಿದ ಬೀದಿಗೆ ತಂದು ನಿಲ್ಲಿಸುತ್ತೇವೆ.

ಈ ಗಾಡಿಯ ವಂಶಾವಳಿಯನ್ನು ಸ್ವಲ್ಪ ನೋಡಬೇಕು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ತಮ್ಮ ಜಮೀನಿನ ಕೆಲಸಕ್ಕೆ ಸೈನ್ಯದವರು ಬಿಟ್ಟುಹೋದ ವಿಲ್ಲಿಸ್ ಜೀಪೊಂದನ್ನು ಇಟ್ಟುಕೊಂಡಿದ್ದರು. ಅದಕ್ಕೆ ಬದಲಾಗಿ ತಾವೇ ಒಂದನ್ನು ಮಾಡಬಾರದೇಕೆಂದು 1947ರಲ್ಲಿ ವೇಲ್ಸಿನ ಕಡಲತೀರದ ಮರಳಿನ ಮೇಲೆ ಅದರ ನಕ್ಷೆ ಗೀಚಿದರಂತೆ. 1948ರ ಏಪ್ರಿಲಿನಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಲ್ಯಾಂಡ್ ರೋವರ್ ಹೊರಬಂದಿತು. ಉಕ್ಕಿಗೆ ಬರವಿದ್ದುದರಿಂದ ಮೈಗೆ ಅಲ್ಯೂಮಿನಿಯಂ. ಎಂಜಿನ್ನಿನಿಂದಲೇ ಹೊಲದ ಯಂತ್ರಗಳನ್ನು ತಿರುಗಿಸುವ ಅನುಕೂಲ. ಒಟ್ಟಿನಲ್ಲಿ ರೈತನ ಗಾಡಿ. ನಮ್ಮ ಕೊಡಗು ಮಲೆನಾಡುಗಳ ಕಾಫಿ ತೋಟಗಳಲ್ಲಿ ಜೀಪು ಮಾಡಿದ್ದೂ ಇದೇ ಕೆಲಸವನ್ನೇ: ಗೊಬ್ಬರದ ಮೂಟೆ, ಕಾಫಿ ಚೀಲ, ಜ್ವರದಲ್ಲಿ ಬಿದ್ದ ಆಳು, ಮದುವೆಯ ದಿಬ್ಬಣ, ಎಲ್ಲಕ್ಕೂ ಅದೇ. ಆ ಜೀಪಿಗೆ ಯಾರೂ ಕಾರಣ ಕೇಳಲಿಲ್ಲ, ಅದರ ಮೈಮೇಲಿನ ಕೆಸರೇ ಕಾರಣ ಹೇಳುತ್ತಿತ್ತು. ಲ್ಯಾಂಡ್ ರೋವರ್ 2008ರಲ್ಲಿ ಟಾಟಾರವರ ಕೈಸೇರಿತು. ಹಳೆಯ ಮಾದರಿಯ ಡಿಫೆಂಡರ್ ತಯಾರಿಕೆ 2016ರ ಜನವರಿಗೆ ನಿಂತಿತು. 2020ರಲ್ಲಿ ಭಾರತಕ್ಕೆ ಬಂದ ಹೊಸ ಡಿಫೆಂಡರ್ ಶಕ್ತಿಯಲ್ಲಿ ತಾತನನ್ನು ಮೀರಿಸಿದೆ, ಕೆಲಸವನ್ನು ಮಾತ್ರ ಮರೆತಿದೆ. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಸುಮಾರು 350 ಕಿಲೋಮೀಟರು, 16ನೆಯ ರಾಷ್ಟ್ರೀಯ ಹೆದ್ದಾರಿ. ಅದರ ಮೇಲೆ ಓಡಾಡುವುದಕ್ಕೆ ನಾಲ್ಕು ಚಕ್ರಕ್ಕೂ ಬಲ ಕೊಡುವ ಯಂತ್ರ ಬೇಕಿಲ್ಲವೆಂಬುದನ್ನು ಆ ಗಾಡಿಯ ಒಡೆಯರೂ ಒಪ್ಪುತ್ತಾರೆ.

ಅವರ ಪರವಾದ ವಾದವೂ ಉಂಟು, ಹಗುರಾದ ವಾದವಲ್ಲ. “ಹುದ್‌ಹುದ್ ನೋಡಿದವರು ಹೀಗೆ ಮಾತಾಡೋದಿಲ್ಲ” ಎನ್ನುತ್ತಾರೆ ವಿಶಾಖಪಟ್ಟಣದ ನಮ್ಮವರು. 2014ರ ಅಕ್ಟೋಬರ್ 12ರಂದು ಆ ಚಂಡಮಾರುತ ಊರಿನ ಮೇಲೆಯೇ ಬಂದೆರಗಿತು. ವಿಜಯವಾಡದವರಿಗೆ 2024ರ ಸೆಪ್ಟೆಂಬರಿನ ನೆನಪು ಇನ್ನೂ ಹಸಿ. ಬುಡಮೇರು ಉಕ್ಕಿ ಸಿಂಗ್ ನಗರದ ಕಡೆ ಮನೆಗಳ ನೆಲಮಹಡಿಯೇ ಮುಳುಗಿತು. ಇತ್ತ ಪ್ರಕಾಶಂ ಬ್ಯಾರೇಜಿನಲ್ಲಿ ಕೃಷ್ಣೆ 11.43 ಲಕ್ಷ ಕ್ಯೂಸೆಕ್ಸ್ ಹರಿದಳು. ಬಂಧುಬಳಗವೆಲ್ಲ ದೂರದಲ್ಲಿರುವ ಪರಊರಿನ ಸಂಸಾರ, ಮನೆಯಲ್ಲಿ ವಯಸ್ಸಾದ ತಾಯಿ; ಅಂಥ ದಿನ ಅವರನ್ನು ಎತ್ತಿಕೊಂಡು ಹೊರಡಬಲ್ಲ ಗಾಡಿಯೊಂದು ಬಾಗಿಲಲ್ಲಿರಲಿ ಎಂದು ಬಯಸುವುದನ್ನು ಆಡಂಬರವೆಂದು ತಳ್ಳಿಹಾಕಲಾಗದು. ಆ ಭಯ ನಿಜವಾದದ್ದು. ಆದರೆ ಆ ದಿನಗಳಲ್ಲಿ ನಡೆದುದೇನು? ಹುದ್‌ಹುದ್ ಮರಗಳನ್ನು ರಸ್ತೆಯ ಮೇಲೆ ಕೆಡವಿತ್ತು. ದಾರಿ ಬಿಡಿಸಿದವರು ಗರಗಸ ಹಿಡಿದ ಕೂಲಿಯವರು. ವಿಜಯವಾಡದಲ್ಲಿ ಜನರನ್ನು ಹೊತ್ತು ತಂದವು ದೋಣಿಗಳು, ಟ್ರ್ಯಾಕ್ಟರುಗಳು, ಜೆಸಿಬಿಗಳು. ಮುಖ್ಯಮಂತ್ರಿಗಳೇ ಜೆಸಿಬಿ ಏರಿ ಬಡಾವಣೆ ಸುತ್ತಿದರು. ಹೊಸ ಡಿಫೆಂಡರ್ ದಾಟಬಲ್ಲ ನೀರಿನ ಆಳ ಹೆಚ್ಚೆಂದರೆ 900 ಮಿಲಿಮೀಟರ್, ಅಂದರೆ ಮೂರಡಿಗೆ ಚೂರು ಕಡಿಮೆ. ಬುಡಮೇರು ಅಷ್ಟಕ್ಕೆ ನಿಲ್ಲಲಿಲ್ಲ.

ಮುಳುಗಿದ ಕಾರುಗಳ ಮಾತು ಬಂತು. ಹಳೆಯದನ್ನು ಕೊಳ್ಳುವವರ ಧರ್ಮಸಂಕಟ ಇಲ್ಲಿಂದಲೇ ಆರಂಭವಾಗುತ್ತದೆ. ಹಳೆಯದನ್ನು ಕೊಳ್ಳುವುದು ಮಿತವ್ಯಯ ಎಂಬುದು ನಮ್ಮವರ ಸಮಾಧಾನ. ಅರ್ಧ ಬೆಲೆಯ ಆಸುಪಾಸಿನಲ್ಲಿ ಸಿಕ್ಕೀತು, ಆಗಲೇ ತಯಾರಾದ ವಸ್ತುವಾದ್ದರಿಂದ ಲೋಕಕ್ಕೆ ಹೊಸ ಭಾರವೂ ಇಲ್ಲ. ಒಪ್ಪತಕ್ಕ ಮಾತೇ. ಆದರೆ ಬೆಲೆ ಅರ್ಧವಾದರೂ ಬಿಡಿಭಾಗಗಳ ಬೆಲೆ ಅರ್ಧವಾಗುವುದಿಲ್ಲ, ಟೈರಿನದು ಅರ್ಧವಾಗುವುದಿಲ್ಲ, ತೂಕವೂ ಅಷ್ಟೇ ಇರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಹಳೆಯ ಗಾಡಿಗೆ ಒಂದು ಪೂರ್ವಾಶ್ರಮವಿರುತ್ತದೆ. ಪ್ರವಾಹದಲ್ಲಿ ನಿಂತ ಗಾಡಿಯನ್ನು ತೊಳೆದು, ಒಳಗಿನ ಹಾಸು ಬದಲಿಸಿ, ಮೆರುಗು ಹಚ್ಚಿ ದೂರದ ಊರಿಗೆ ಸಾಗಿಸಿ ಮಾರುವುದು ಎಲ್ಲ ಕಡೆಯೂ ನಡೆದು ಬಂದ ವ್ಯಾಪಾರ. ಸೀಟು ಬೆಲ್ಟನ್ನು ಪೂರ್ತಿ ಹೊರಗೆಳೆದರೆ ಕೊನೆಯಲ್ಲಿ ಕೆಸರಿನ ಗೆರೆ ಕಂಡೀತು; ಹಾಸಿನ ಕೆಳಗೆ ಬೆರಳಾಡಿಸಿದರೆ ನುಣ್ಣನೆಯ ಮಣ್ಣು ಹತ್ತೀತು; ತಂತಿ ಸೇರುವ ಕಡೆ ಹಸಿರು ಕಿಲುಬು ಕಟ್ಟಿದ್ದೀತು. ವಿಜಯವಾಡದ ಆಟೋನಗರದಲ್ಲಿ ಲಾರಿ ಬಸ್ಸುಗಳಿಗೆ ಮೈ ಕಟ್ಟುವ, ಎಂಜಿನ್ ಬಿಚ್ಚುವ ಕುಶಲಿಗಳು ಬೇಕಾದಷ್ಟಿದ್ದಾರೆ. ಅವರಲ್ಲೊಬ್ಬರನ್ನು ಕರೆದುಕೊಂಡು ಹೋದರೆ ಸತ್ಯ ಒಂದು ಗಂಟೆಯಲ್ಲಿ ಹೊರಬೀಳುತ್ತದೆ.

ಆದರೂ ಎಷ್ಟೋ ಮಂದಿ ಕರೆದುಕೊಂಡು ಹೋಗುವುದಿಲ್ಲ. ಏಕೆ? ಮಾರುವವನು ಸುಳ್ಳುಗಾರನಾಗಿದ್ದರೆ ಅವನನ್ನು ಬಯ್ಯುವುದು ಸುಲಭ. ಕೊಳ್ಳುವವನಿಗೂ ಒಂದು ಬಗೆಯ ಸುಳ್ಳು ಬೇಕಾಗಿರುತ್ತದೆ. ಬೆಲೆ ಇಷ್ಟು ಇಳಿದದ್ದಕ್ಕೆ ಕಾರಣವಿರಲೇಬೇಕೆಂದು ಅವನ ಮನಸ್ಸಿಗೆ ಗೊತ್ತು. ಆ ಕಾರಣ ಕಿವಿಗೆ ಬಿದ್ದರೆ ಗಾಡಿ ಕೈತಪ್ಪುತ್ತದೆಂಬುದೂ ಗೊತ್ತು. ಆದ್ದರಿಂದ ಕೇಳುವುದಿಲ್ಲ. ಎರಡು ವರ್ಷ ಕಳೆದು ತಾನೇ ಮಾರುವ ದಿನ ಬಂದಾಗ “ನನಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ” ಎಂದು ಕೈತೊಳೆದುಕೊಳ್ಳುತ್ತಾನೆ. ಮನೆಯ ಅಟ್ಟದಲ್ಲಿ ಹಾವಿದೆಯೆಂದು ಗುಮಾನಿಯಿದ್ದೂ ದೀಪ ಹಿಡಿದು ನೋಡದೆ ಬಾಡಿಗೆಗೆ ಕೊಟ್ಟಹಾಗೆ.

ಕಾಗದಪತ್ರದ ಮಾತನ್ನೂ ಹೇಳಿಬಿಡಬೇಕು. ನಮ್ಮಂಥ ವಲಸೆಗಾರರಿಗೆ ಅದು ಹತ್ತಿರದ ವಿಷಯ. ಬೆಂಗಳೂರಿನಲ್ಲಿ ಕೊಂಡ ಕೆ.ಎ. ಸಂಖ್ಯೆಯ ಗಾಡಿಯನ್ನು ಆಂಧ್ರದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ಸಂಖ್ಯೆ ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 47ನೆಯ ಕಲಮು ಹೇಳುತ್ತದೆ. ಇಲ್ಲಿ ತೆರಿಗೆ ಕಟ್ಟಬೇಕು, ಅಲ್ಲಿ ಕಟ್ಟಿದ್ದರ ಉಳಿಕೆಯನ್ನು ಮರಳಿ ಪಡೆಯಲು ಅರ್ಜಿ ಹಿಡಿದು ಅಲೆಯಬೇಕು. “ಕನ್ನಡದ ನೆನಪಿಗೆ ಇರಲಿ ಬಿಡಿ” ಎಂದು ಕೆ.ಎ. ಫಲಕವನ್ನು ವರ್ಷಗಟ್ಟಲೆ ಉಳಿಸಿಕೊಂಡವರುಂಟು. ಭಾಷಾಭಿಮಾನಕ್ಕೆ ಇಷ್ಟು ಲಾಭದಾಯಕವಾದ ರೂಪ ಬೇರೊಂದಿರಲಾರದು! ಹೆಸರು ವರ್ಗಾವಣೆಯ ಸಂಗತಿ ಇನ್ನೂ ಗಂಭೀರ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲಿಕರು, ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿದೆ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರದ ಫಲಕವುಳ್ಳ ಎರಡು ರೋಲ್ಸ್ ರಾಯ್ಸ್ ಕಾರುಗಳಿಗೆ ಸಾರಿಗೆ ಇಲಾಖೆ 38 ಲಕ್ಷ ರೂಪಾಯಿಗೂ ಮಿಕ್ಕಿ ತೆರಿಗೆ ಹಾಕಿತು. ಕಾರುಗಳು ಕೈಬದಲಾಗಿ ಬಹುಕಾಲವಾಗಿದ್ದರೂ ಕಾಗದದಲ್ಲಿ ಹಿಂದಿ ಚಿತ್ರರಂಗದ ಇಬ್ಬರು ನಟರ ಹೆಸರುಗಳೇ ಇದ್ದವು. ಹೆಸರು ಬದಲಿಸದೆ ಓಡಿಸುವುದೆಂದರೆ ನಮ್ಮ ತಪ್ಪುಗಳ ಲೆಕ್ಕವನ್ನು ಇನ್ನೊಬ್ಬನ ಖಾತೆಗೆ ಬರೆಯುತ್ತ ಹೋಗುವುದು.

ಇಷ್ಟೆಲ್ಲ ಕೊಳ್ಳುವವನ ಮತ್ತು ಮಾರುವವನ ನಡುವಿನ ಮಾತಾಯಿತು. ಈ ವ್ಯಾಪಾರದಲ್ಲಿ ಮೂರನೆಯವನೊಬ್ಬನಿದ್ದಾನೆ, ಅವನನ್ನು ಯಾರೂ ಕೇಳಿಲ್ಲ. ವಿಜಯವಾಡದ ವನ್‌ಟೌನಿನ ಗಲ್ಲಿಯಲ್ಲಿ ತರಕಾರಿ ಚೀಲ ಹಿಡಿದು ನಡೆಯುವವನು ಅವನು. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಂತೆ, ಮುಂಭಾಗ 40 ಅಂಗುಲಕ್ಕಿಂತ ಎತ್ತರವಿರುವ ಗಾಡಿ ಪಾದಚಾರಿಗೆ ಬಡಿದರೆ ಅವನು ಸಾಯುವ ಸಂಭವ, 30 ಅಂಗುಲದೊಳಗಿನ ಇಳಿಜಾರು ಮುಖದ ಕಾರಿಗಿಂತ ಸುಮಾರು ಶೇಕಡಾ 45ರಷ್ಟು ಹೆಚ್ಚು. ತಗ್ಗು ಕಾರು ಕಾಲಿಗೆ ಬಡಿದು ಮೇಲಕ್ಕೆಸೆಯುತ್ತದೆ. ಎತ್ತರದ್ದು ಎದೆಗೋ ತಲೆಗೋ ಬಡಿದು ಕೆಳಕ್ಕೆ ಕೆಡವುತ್ತದೆ. ಅದರ ಮೇಲೆ ನಮ್ಮವರು ಮುಂದುಗಡೆ ಉಕ್ಕಿನ ಕೊಳವೆಯ ಅಡ್ಡಪಟ್ಟಿಯನ್ನು ಬೇರೆ ಕೂರಿಸುತ್ತಿದ್ದರು. ಅದನ್ನು ತೆಗೆಸಬೇಕೆಂದು ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆಯಬೇಕಾಯಿತು. “ಒಳಗೆ ಕೂತವರಿಗೆ ಭದ್ರ” ಎಂಬ ಮಾತು ನಿಜ. ಹೊರಗಿರುವವನಿಗೂ ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾಳು.

ಹಾಗಾದರೆ ಈ ಶಕ್ತಿಯನ್ನು ಅದಕ್ಕೆ ಸಲ್ಲುವ ಜಾಗದಲ್ಲೇ ಬಳಸುತ್ತೇವೆ, ಸರಿಯೆ? ಎಂದು ಹುಡುಗರು ಕೇಳುತ್ತಾರೆ. ವಿಶಾಖಪಟ್ಟಣ ಅಂಥ ಆಸೆ ಹುಟ್ಟಿಸುವ ಊರೇ. ಒಂದು ಕಡೆ ಕಡಲು, ಇನ್ನೊಂದು ಕಡೆ ಬೆಟ್ಟ. ಆದರೆ ಅಲ್ಲಿಯ ಮರಳಿನಲ್ಲಿ ಚಳಿಗಾಲ ಕಳೆಯುವ ಹೊತ್ತಿಗೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಚಕ್ರದ ಕೆಳಗೆ ಗೂಡು ಸಿಕ್ಕಿದರೆ ಒಳಗೆ ಕೂತವನಿಗೆ ತಿಳಿಯುವುದೂ ಇಲ್ಲ. ಭೀಮುನಿಪಟ್ಟಣದ ದಾರಿಯಲ್ಲಿರುವ ಎರ್ರಮಟ್ಟಿ ದಿಬ್ಬಾಲು ಎಂಬ ಕೆಂಪು ಮರಳ ದಿಬ್ಬಗಳು ಸಾವಿರಾರು ವರ್ಷಗಳಲ್ಲಿ ಗಾಳಿ ನೀರು ಸೇರಿ ಕಟ್ಟಿದವು. 2014ರಲ್ಲಿ ಅವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿದವು. ಒಂದು ಭಾನುವಾರದ ಮೋಜಿಗೆ ಅಲ್ಲಿ ಚಕ್ರದ ಗುರುತು ಬಿಟ್ಟು ಬರುವುದನ್ನು ಸಾಹಸವೆನ್ನಲು ನಮಗೆ ನಾಲಿಗೆ ಬರುವುದಿಲ್ಲ.

ಇನ್ನು ಬೆಟ್ಟದ ಕಡೆ. ಅರಕು, ಪಾಡೇರು, ಚಿಂತಪಲ್ಲಿಗಳ ಕಾಫಿ ತೋಟಗಳನ್ನು ಕಂಡಾಗ ಚಿಕ್ಕಮಗಳೂರು ನೆನಪಾಗದ ಕನ್ನಡಿಗನಿಲ್ಲ. 2022ರಲ್ಲಿ ಈ ಸೀಮೆ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯಾಯಿತು. ಇಲ್ಲಿ ನಿಜವಾಗಿಯೂ ದಾರಿಯಿಲ್ಲದ ಹಾಡಿಗಳಿವೆ. ಹೆರಿಗೆ ನೋವು ಬಂದ ಹೆಂಗಸನ್ನು ಬಿದಿರ ಗಳುವಿಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿ ಮಲಗಿಸಿ, ಇಬ್ಬರು ಹೆಗಲು ಕೊಟ್ಟು, ಆಂಬುಲೆನ್ಸ್ ನಿಲ್ಲುವ ಜಾಗದವರೆಗೆ ಮೈಲಿಗಟ್ಟಲೆ ಹೊತ್ತು ತರುತ್ತಾರೆ. ಅದಕ್ಕೆ ಡೋಲಿ ಎಂದು ಹೆಸರು. ಮಳೆಗಾಲ ಬಂದರೆ ತೆಲುಗು ಪತ್ರಿಕೆಗಳಲ್ಲಿ ಆ ಸುದ್ದಿಯೂ ಬರುತ್ತದೆ. 2025ರಲ್ಲಿ ‘ಅಡವಿ ತಲ್ಲಿ ಬಾಟ’ ಎಂಬ ಹೆಸರಿನಲ್ಲಿ ಈ ಹಾಡಿಗಳಿಗೆ ರಸ್ತೆ ಹಾಕುವ ಕೆಲಸ ಆರಂಭವಾಯಿತು. ರಸ್ತೆ ಮಾಡುವುದು ಸರ್ಕಾರದ ಕೆಲಸ, ಕಾರಿನ ಒಡೆಯನದಲ್ಲ, ಒಪ್ಪಿದೆವು. ರೋಗಿಯನ್ನು ಕೂರಿಸಿಕೊಂಡು ಭಾವಚಿತ್ರ ತೆಗೆಸಿಕೊಳ್ಳುವ ಪರೋಪಕಾರ ನಮಗೂ ಬೇಡ. ಆದರೆ ಒಂದೇ ಬೆಟ್ಟದಲ್ಲಿ, ದಾರಿ ಬೇಡದ ಗಾಡಿ ಮೋಡ ನೋಡಲು ಹತ್ತುತ್ತದೆ. ದಾರಿ ಬೇಕಾದ ಬಾಣಂತಿ ಹೆಗಲ ಮೇಲೆ ಇಳಿಯುತ್ತಾಳೆ. ಕಾಯಕದಿಂದ ಬಂದದ್ದು ದಾಸೋಹಕ್ಕೆ ಸಲ್ಲಬೇಕೆಂದ 12ನೆಯ ಶತಮಾನದ ಶರಣರು ಧನವನ್ನಷ್ಟೇ ಲೆಕ್ಕಕ್ಕೆ ಹಿಡಿದಿರಲಾರರು. ಸಾಮರ್ಥ್ಯವೂ ಆ ಮಾತಿನೊಳಗೆ ಬರುತ್ತದೆಂದು ನಾವು ತಿಳಿದಿದ್ದೇವೆ. ತಿಂಗಳಿಗೊಮ್ಮೆ ಒಬ್ಬ ವೈದ್ಯರನ್ನೋ ದಾದಿಯನ್ನೋ ಆ ಕಡೆ ಕರೆದೊಯ್ಯಲು ಸಿದ್ಧನಿರುವವನು ಅಂಥ ಗಾಡಿ ಕೊಳ್ಳಲಿ, ಹೊಸದಾದರೂ ಸರಿ, ಹಳೆಯದಾದರೂ ಸರಿ. ಅಷ್ಟು ಆಗದವನಿಗೆ ಸಾಮಾನ್ಯ ಕಾರು ಸಾಕೆಂದು ನಮ್ಮ ಅಭಿಪ್ರಾಯ. ಬೇಸರವಾದರೆ ಓದುಗರು ಮುಂದಿನ ಸಂಚಿಕೆಗೆ ಉತ್ತರ ಬರೆಯಬಹುದು.

ಆ ಬೆಟ್ಟಗಳಲ್ಲಿ ಈಗಲೂ ಹಳೆಯ ಜೀಪುಗಳು ಓಡುತ್ತಿವೆ. ಸಂತೆಯ ದಿನ ಬೆಳಿಗ್ಗೆ ಹೋದರೆ ಕಾಣಸಿಗುತ್ತವೆ: ಒಳಗೆ ಹತ್ತು ಹನ್ನೆರಡು ಜನ, ಹಿಂದೆ ನೇತುಬಿದ್ದವರು ಬೇರೆ, ಮೇಲೆ ಅರಿಸಿನದ ಮೂಟೆ, ಹುಣಸೆಯ ಬುಟ್ಟಿ, ಕಾಲು ಕಟ್ಟಿದ ಕೋಳಿ. ಬಣ್ಣ ಯಾವುದಿತ್ತೋ ತಿಳಿಯದು. ತಿರುವಿನಲ್ಲಿ ಎದುರಿನಿಂದ ಎತ್ತರದ ಹೊಸ ಗಾಡಿಯೊಂದು ಬಂದಾಗ, ಜೀಪಿನವನೇ ಅಂಚಿಗೆ ಸರಿದು ನಿಂತು ದಾರಿ ಬಿಡುತ್ತಾನೆ.